ಅನುಭಾವಕ್ಕೆ ಹೊಸ ಭಾಷೆ ಬೇಕೆ?

ಯಾವ ಮತಕ್ಕೂ ಯಾವ ನಾಡಿಗೂ ಸೇರದ ಭಾಷೆಯೊಂದನ್ನು ಕಟ್ಟಿಕೊಂಡರೆ ದೇವರ ಹೆಸರಿನ ಜಗಳ ನಿಂತೀತೇ? ಕಣ್ಣಿನ ವೈದ್ಯ ಜಾಮೆನ್‌ಹೋಫ್ ಹಾಗೆ ನಂಬಿದ್ದ. ಅವನು ಹುಟ್ಟಿದ ಬ್ಯಾಲಿಸ್ಟಾಕ್‌ನಲ್ಲಿ ಯಹೂದಿ, ಪೋಲಿಷ್, ರಷ್ಯನ್, ಜರ್ಮನ್ ಜನ ಒಬ್ಬರನ್ನೊಬ್ಬರು ಸಹಿಸುತ್ತಿರಲಿಲ್ಲ. 1887ರಲ್ಲಿ ಅವನು ಎಸ್ಪೆರಾಂಟೊ ಪ್ರಕಟಿಸಿದ. ಮುಂದೆ, ಮತಗಳ ಬೇಲಿ ದಾಟುವ 'ಹೊಮರಾನಿಸ್ಮೊ' ಎಂಬ ತತ್ತ್ವವನ್ನೂ ಮುಂದಿಟ್ಟ. ಭಾಷೆ ಬದುಕಿತು, ತತ್ತ್ವವನ್ನು ಅನುಯಾಯಿಗಳೇ ದೂರವಿಟ್ಟರು. 1905ರ ಮೊದಲ ಸಮ್ಮೇಳನಕ್ಕೆ ಬರೆದ ಪ್ರಾರ್ಥನೆಯಲ್ಲಿ ಕ್ರೈಸ್ತ, ಯಹೂದಿ, ಮುಸ್ಲಿಮರೆಲ್ಲ ದೇವರ ಮಕ್ಕಳೆಂದು ಸಾರುವ ಕೊನೆಯ ಪದ್ಯವನ್ನು ಕೈಬಿಡಬೇಕಾಯಿತು.

ಕೋಮು ಗಲಭೆ, ನಿಷೇಧಾಜ್ಞೆ ಎರಡನ್ನೂ ಕಂಡಿರುವ ಶಿವಮೊಗ್ಗದವರು ಈ ಆಸೆಯನ್ನು ನಕ್ಕು ತಳ್ಳಿಹಾಕುವಂತಿಲ್ಲ. ಆದರೂ ದಾರಿ ಅದಲ್ಲ ಎಂಬುದು ನನ್ನ ವಾದ.

ಹನ್ನೆರಡನೆಯ ಶತಮಾನದಲ್ಲಿ ಜರ್ಮನಿಯ ರೈನ್ ನದಿಯ ದಂಡೆಯಲ್ಲಿ ಹಿಲ್ಡೆಗಾರ್ಡ್ ಎಂಬ ಅನುಭಾವಿ ಸನ್ಯಾಸಿನಿ ಸುಮಾರು ಸಾವಿರ ಹೊಸ ಪದಗಳನ್ನೂ ಅವಕ್ಕೊಂದು ಲಿಪಿಯನ್ನೂ ಕಟ್ಟಿದಳು. ಪಟ್ಟಿ ದೇವರಿಂದ ಶುರುವಾಗಿ ದೇವದೂತರು, ಮನುಷ್ಯರು ಎಂದು ಇಳಿಯುತ್ತ ಹುಳುಹುಪ್ಪಟೆಯಲ್ಲಿ ಮುಗಿಯುತ್ತದೆ. ಪದಗಳೆಲ್ಲ ಹೊಸವು, ಮೇಲುಕೀಳಿನ ಕ್ರಮ ಮಾತ್ರ ಆ ಕಾಲದ ಚರ್ಚಿನದೇ. ಅದೇ ಶತಮಾನದಲ್ಲಿ ನಮ್ಮ ಶಿಕಾರಿಪುರ ಸೀಮೆಯ ಬಳ್ಳಿಗಾವಿಯಿಂದ ಹೊರಟ ಅಲ್ಲಮ ಒಂದೂ ಹೊಸ ಪದ ಕಟ್ಟುವ ಗೋಜಿಗೆ ಹೋಗಲಿಲ್ಲ. ಬೆಟ್ಟ, ಹೆಣ, ಕೆಂಡ, ಅರಗು: ಯಾರ ಬಾಯಲ್ಲೂ ಇರುವ ಮಾತುಗಳು. ಅವನ್ನು ಒಗಟಿನಂಥ ಬೆಡಗಿನ ವಚನಗಳಲ್ಲಿ ಎಂಥ ಇಕ್ಕಟ್ಟಿಗೆ ಸಿಕ್ಕಿಸಿದನೆಂದರೆ ರೂಢಿಯ ಅರ್ಥಕ್ಕೆ ನಿಲ್ಲಲು ಜಾಗವೇ ಉಳಿಯಲಿಲ್ಲ. ತನ್ನ ಜೊತೆಯ ಶರಣರ ಪೂಜೆಯನ್ನೂ ಅವನು ಪ್ರಶ್ನಿಸದೆ ಬಿಡಲಿಲ್ಲ. ಹಳೆಯ ಕ್ರಮ ಅಲುಗಾಡಿದ್ದು ಇಲ್ಲಿ. ಭಾಷೆಯನ್ನು ಬದಲಿಸಿದವಳಿಗಿಂತ ಇದ್ದ ಭಾಷೆಯನ್ನು ಒಳಗಿನಿಂದ ಮುರಿದವನೇ ಹೆಚ್ಚು ದೂರ ಹೋದ.

ತನ್ನದನ್ನು ಬಿಡದೆಯೂ ಬೇರೆಯವರಿಗೆ ಬಾಗಿಲು ತೆರೆಯಬಹುದು ಎಂಬುದಕ್ಕೆ ಬಳ್ಳಿಗಾವಿಯ ಕೋಡಿಮಠದ 1162ರ ಶಾಸನ ಸಾಕ್ಷಿ. ಕಾಳಾಮುಖ ಶೈವರ ಆ ಮಠ ತನ್ನ ಶಿವನನ್ನು ಬಿಟ್ಟುಕೊಡಲಿಲ್ಲ. ಆದರೂ ವೇದ, ವ್ಯಾಕರಣಗಳ ಜೊತೆಗೆ ಬೌದ್ಧ ದರ್ಶನದ ಪಾಠ ಅಲ್ಲಿತ್ತು. ಜೈನ ಸನ್ಯಾಸಿಗಳಾದ ಕ್ಷಪಣಕರಿಗೆ, ಕುರುಡರಿಗೆ, ಕಿವುಡರಿಗೆ ಊಟವಿತ್ತು, ರೋಗಿಗಳಿಗೆ ಔಷಧಿಯಿತ್ತು. (ನಮ್ಮ ಇಂದಿನ ಎಷ್ಟು ಮಠಗಳು ಈ ಪಟ್ಟಿಯನ್ನು ಹೊರಗೆ ತೂಗುಹಾಕಬಲ್ಲವು?)

ಕನ್ನಡವೇನು ಎಲ್ಲರಿಗೂ ಸಮಾನವೇ, ಅದರೊಳಗೆ ಜಾತಿಯಿಲ್ಲವೇ ಎಂದು ಕೇಳಬಹುದು. ಇದೆ, ಬೇಕಾದಷ್ಟಿದೆ. ಶಂಕರಘಟ್ಟದ ವಿಶ್ವವಿದ್ಯಾಲಯಕ್ಕೆ ಯಾರ ಹೆಸರಿಟ್ಟಿದ್ದೇವೋ ಆ ಕುವೆಂಪು ಇದನ್ನು ಯಾರಿಗಿಂತಲೂ ಚೆನ್ನಾಗಿ ಬಲ್ಲವರು. ಆದರೂ ಅವರು ಕನ್ನಡವನ್ನೇ ಹಿಡಿದರು. ಮೊದಲು ಇಂಗ್ಲಿಷಿನಲ್ಲಿ ಕವಿತೆ ಬರೆಯುತ್ತಿದ್ದ ಅವರಿಗೆ ಕನ್ನಡದಲ್ಲಿ ಬರೆಯಲು ಹೇಳಿದವರು ಜೇಮ್ಸ್ ಕಸಿನ್ಸ್. ಎಲ್ಲ ಮತಗಳ ತಿರುಳು ಒಂದೇ ಎನ್ನುವ ಥಿಯಾಸಫಿಯ ಅನುಯಾಯಿಯಾದ ಐರಿಷ್ ಕವಿಯೇ ಇಂಥ ಸಲಹೆ ಕೊಟ್ಟದ್ದು ಸ್ವಾರಸ್ಯದ ಸಂಗತಿ. ಕುವೆಂಪು ಅವರ ವಿಶ್ವಮಾನವನ ಕಲ್ಪನೆ ರೂಪುಗೊಂಡದ್ದು ಆಮೇಲೆ, ಮಲೆನಾಡಿನ ಕನ್ನಡದಲ್ಲಿ.

ಭದ್ರಾವತಿಯನ್ನೇ ನೋಡಿ. 1923ರಲ್ಲಿ ಕಬ್ಬಿಣ ಕರಗಿಸತೊಡಗಿದ ಕಾರ್ಖಾನೆಗೆ ದುಡಿಯಲು ಬಂದವರಲ್ಲಿ ಕನ್ನಡ, ತಮಿಳು, ತೆಲುಗು, ಉರ್ದು ಮಾತಾಡುವವರೆಲ್ಲ ಇದ್ದರು. ಅವರಿಗಾಗಿ ಯಾರೂ ಹೊಸ ಭಾಷೆ ರಚಿಸಲಿಲ್ಲ. ಪಕ್ಕದವನ ಮಾತನ್ನು ಅಷ್ಟಿಷ್ಟು ಕಲಿತು ಬಾಳಿದರು. ಅನುಭಾವದ ವಿಷಯದಲ್ಲೂ ನಮಗೆ ಬೇಕಿರುವುದು ಇದೇ. ಎ.ಕೆ. ರಾಮಾನುಜನ್ 1973ರಲ್ಲಿ ಅಲ್ಲಮನನ್ನೂ ಅಕ್ಕಮಹಾದೇವಿಯನ್ನೂ ಇಂಗ್ಲಿಷ್ ಓದುಗರಿಗೆ ತಲುಪಿಸಿದರು. ಶಿವಮೊಗ್ಗ-ಭದ್ರಾವತಿಗಳಲ್ಲಿ ಕನ್ನಡ, ಉರ್ದು ಎರಡನ್ನೂ ಬಲ್ಲವರು ಬೇಕಾದಷ್ಟು ಜನರಿದ್ದಾರೆ. ಶಂಕರಘಟ್ಟದ ವಿಶ್ವವಿದ್ಯಾಲಯ ಅವರಲ್ಲಿ ಕೆಲವರನ್ನಾದರೂ ಕೂರಿಸಿ, ಅಲ್ಲಮನನ್ನು ಉರ್ದುವಿಗೂ ಸೂಫಿ ಕಾವ್ಯವನ್ನು ಕನ್ನಡಕ್ಕೂ ತರುವ ಕೆಲಸಕ್ಕೆ ಹಚ್ಚಲಿ.