ಗುದ್ದಲಿ ಯಾರ ಕೈಗೆ, ನೋಟ್‌ಬುಕ್ ಯಾರ ಕೈಗೆ?

ಹಾಸ್ಟೆಲ್ ಗೆಳೆಯರೇ,

ಹಳೇ ಸ್ಮಶಾನಗಳನ್ನ ವಿದ್ಯಾರ್ಥಿಗಳು ಸರಿಮಾಡಿ ಕಾಪಾಡಬೇಕು ಅಂದರೆ ನಮ್ಮಲ್ಲಿ ಅರ್ಧ ಜನ ನಗ್ತಾರೆ. ಬದುಕಿರೋರಿಗೇ ಹಾಸ್ಟೆಲಲ್ಲಿ ನೆಟ್ಟಗೆ ಊಟ ಇಲ್ಲ, ಸತ್ತೋರ ಗುಂಡಿ ಯಾಕೆ ಕಣ್ರಪ್ಪ ಅಂತಾರೆ. ಇನ್ನರ್ಧ ಜನ ವಿಚಾರವಾದಿಗಳು. ಗೋರಿಗೆ ಪೂಜೆ, ಎಡೆ ಇಡೋದು, ಪಿತೃಪಕ್ಷ ಎಲ್ಲ ಪುರೋಹಿತಶಾಹಿಯ ಬಾಲ, ಅದಕ್ಕೆ ನಾವು ಕೈ ಹಾಕಬಾರದು ಅಂತ ಅವರ ವಾದ. ಎರಡು ಮಾತಿಗೂ ತೂಕ ಇದೆ. ಆದರೆ ನಾನು ಹೇಳ್ತಿರೋದು ಪೂಜೆಯೂ ಅಲ್ಲ, ಪುಣ್ಯದ ಕೆಲಸವೂ ಅಲ್ಲ. ಇದು ದಾಖಲೆಯ ಜಗಳ. ನಮ್ಮ ಅಜ್ಜ ಮುತ್ತಜ್ಜಂದಿರ ಹೆಸರು ದೇವಸ್ಥಾನದ ಕಲ್ಲಲ್ಲಿಲ್ಲ, ಶಾನುಭೋಗರ ಕಡತದಲ್ಲಿ ಇದ್ದರೂ ಸಾಲದ ಲೆಕ್ಕದಲ್ಲಿ, ಜೀತದ ಲೆಕ್ಕದಲ್ಲಿ ಇರಬೇಕು. ಅವರು ಮನುಷ್ಯರಾಗಿ ಉಳಿದಿರೋದು ಊರಾಚೆಯ ದಿಬ್ಬದಲ್ಲಿ ಮಾತ್ರ. ತಲೆ ಕಡೆಗೊಂದು ಕಲ್ಲು ನೆಟ್ಟಿರ್ತಾರೆ, ಅಷ್ಟೇ. ಆ ದಿಬ್ಬಕ್ಕೆ ಯಾರೋ ಟ್ರ್ಯಾಕ್ಟರ್ ಹೊಡೆದರೆ ನಾವು ಈ ಊರಲ್ಲಿ ಇದ್ದೆವು ಅನ್ನೋದಕ್ಕೇ ಸಾಕ್ಷಿ ಹೋಯ್ತು.

ಅಮೆರಿಕದ ಕಪ್ಪು ಜನ ಈ ಜಗಳವನ್ನ ಮಾಡಿ ತೋರಿಸಿದ್ದಾರೆ. ಅವರದು ನಮಗೆ ಪರದೇಶದ ಕತೆ ಅಲ್ಲ. 1946ರಲ್ಲಿ ಬಾಬಾಸಾಹೇಬರು ಅವರ ನಾಯಕ ಡುಬಾಯ್ಸ್ ಅವರಿಗೆ ಕಾಗದ ಬರೆದಿದ್ದರು. 1972ರಲ್ಲಿ ಮುಂಬೈಯಲ್ಲಿ ದಲಿತ ಪ್ಯಾಂಥರ್ಸ್ ಕಟ್ಟಿದ ಹುಡುಗರು ಹೆಸರನ್ನೇ ಅಲ್ಲಿಂದ ತಂದರು.

ನ್ಯೂಯಾರ್ಕಿನಲ್ಲಿ 1697ರಲ್ಲಿ ಟ್ರಿನಿಟಿ ಚರ್ಚಿನವರು ತಮ್ಮ ಸ್ಮಶಾನದಲ್ಲಿ ಕಪ್ಪು ಜನರನ್ನ ಹೂಳಕೂಡದು ಅಂತ ಕಟ್ಟು ಮಾಡಿದರು. ಯೇಸುವಿನ ಚರ್ಚು! ಗುಲಾಮರು ಊರಾಚೆಯ ಜಾಗದಲ್ಲಿ ಹೂಳಿಕೊಂಡರು. ಊರಾಚೆ ಅನ್ನೋ ಪದ ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. 1790ರ ದಶಕದಲ್ಲಿ ಆ ಸ್ಮಶಾನ ಮುಚ್ಚಿತು, ಮೇಲೆ ಮಣ್ಣು ತುಂಬಿದರು, ಮನೆ ಅಂಗಡಿ ಎದ್ದವು, ಎಲ್ಲರೂ ಮರೆತರು. 1991ರಲ್ಲಿ ಸರ್ಕಾರ ಅಲ್ಲಿ ದೊಡ್ಡ ಕಚೇರಿ ಕಟ್ಟಲು ಪಾಯ ತೋಡಿದಾಗ ಮೂಳೆಗಳು ಸಿಕ್ಕವು. ಒಟ್ಟು 419 ಜನರದ್ದು. ಆ ಜಾಗದಲ್ಲಿ ಸುಮಾರು 15,000 ಜನರನ್ನ ಹೂಳಿರಬಹುದು ಅಂತ ಅಂದಾಜು.

ಸರ್ಕಾರ ಕೆಲಸ ನಿಲ್ಲಿಸಲಿಲ್ಲ. ಕಪ್ಪು ಜನ ಬೀದಿಗೆ ಬಂದರು, 1992ರಲ್ಲಿ ಅಗೆತ ನಿಂತಿತು. ಇಲ್ಲೊಂದು ವಿಷಯ ಗಮನಿಸಿ. ಅವರು ‘ಅಗೆಯಬೇಡಿ’ ಅಂತ ಮಾತ್ರ ಕೇಳಲಿಲ್ಲ. ನಮ್ಮ ಹಿರಿಯರ ಮೂಳೆ ಓದೋರು ಯಾರು ಅಂತ ಕೇಳಿದರು. ಮೊದಲು ಬೇರೆ ತಂಡದ ಕೈಯಲ್ಲಿದ್ದ ಆ ಮೂಳೆಗಳು 1993ರಲ್ಲಿ ವಾಷಿಂಗ್ಟನ್ನಿನ ಹಾವರ್ಡ್ ವಿಶ್ವವಿದ್ಯಾಲಯಕ್ಕೆ ಹೋದವು. ಅದು ಕಪ್ಪು ಜನರ ವಿಶ್ವವಿದ್ಯಾಲಯ ಅಂತಲೇ ಹೆಸರಾದದ್ದು. ಮೈಕಲ್ ಬ್ಲೇಕಿ ಅನ್ನೋ ಕಪ್ಪು ವಿದ್ವಾಂಸರು ಮುಂದೆ ನಿಂತು ಓದಿದರು. ಸತ್ತೋರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಮಕ್ಕಳು. ಹಲ್ಲಿನಲ್ಲಿ ಹಸಿವಿನ ಗುರುತು. ದೊಡ್ಡವರ ಮೂಳೆಯಲ್ಲಿ ಮೈಮುರಿ ದುಡಿತದ, ಹೊರೆಯ ಗುರುತು. ಒಬ್ಬ ಹೆಂಗಸಿನ ಸೊಂಟದ ಸುತ್ತ ಮಣಿಸರ, ಕವಡೆ. ಯಜಮಾನನ ಲೆಕ್ಕದ ಪುಸ್ತಕದಲ್ಲಿ ಬರೀ ಬೆಲೆಯಾಗಿದ್ದವಳಿಗೆ ತನ್ನವರು ಸಿಂಗಾರ ಮಾಡಿ ಮಣ್ಣು ಕೊಟ್ಟಿದ್ದರು ಅಂತ ಆ ಮಣಿ ಹೇಳಿತು. ಓದಿದ ಮೇಲೆ 2003ರ ಅಕ್ಟೋಬರಿನಲ್ಲಿ ಎಲ್ಲರನ್ನೂ ಅದೇ ಜಾಗಕ್ಕೆ ತಂದು ಮತ್ತೆ ಹೂಳಿದರು. 2006ರಲ್ಲಿ ಅದು ರಾಷ್ಟ್ರೀಯ ಸ್ಮಾರಕ ಆಯ್ತು.

ಅದು ವಿದ್ವಾಂಸರ ಕೆಲಸ ಅಂತೀರಾ? ಹಾಗಾದರೆ ಸೌತ್ ಕೆರೊಲೈನಾದ ಕ್ಲೆಮ್ಸನ್ ವಿಶ್ವವಿದ್ಯಾಲಯದ್ದು ಕೇಳಿ. ಅದು ನಿಂತಿರೋದು ಗುಲಾಮಗಿರಿಯೇ ಒಳ್ಳೇದು ಅಂತ ವಾದಿಸಿದ ಕ್ಯಾಲ್‌ಹೂನನ ತೋಟದ ನೆಲದಲ್ಲಿ. ಕಾಲೇಜು ಕಟ್ಟಡಗಳನ್ನ ಕಟ್ಟೋಕೆ ಜೈಲಿನ ಕೈದಿಗಳನ್ನ ತಂದರು, ಹೆಚ್ಚುಕಮ್ಮಿ ಎಲ್ಲ ಕಪ್ಪು ಜನ. ಕಟ್ಟಿದವರ ಮಕ್ಕಳಿಗೆ ಒಳಗೆ ಸೀಟಿಲ್ಲ. ಮೊದಲ ಕಪ್ಪು ವಿದ್ಯಾರ್ಥಿ ಹಾರ್ವಿ ಗ್ಯಾಂಟ್ ಕೋರ್ಟಿಗೆ ಹೋಗಿ ಒಳಗೆ ಕಾಲಿಟ್ಟಿದ್ದು 1963ರಲ್ಲಿ. ಕ್ಯಾಂಪಸ್ಸಿನ ಗುಡ್ಡದ ಮೇಲೆ ಕ್ಯಾಲ್‌ಹೂನನ ಮನೆಯವರಿಗೂ ಮೇಷ್ಟ್ರುಗಳಿಗೂ ಅಂದವಾದ ಗೋರಿಗಳಿದ್ದವು. ಪಕ್ಕದಲ್ಲೇ ಪೊದೆ. ಅಲ್ಲಿ ಕಪ್ಪು ಜನರನ್ನ ಹೂಳಿದ್ದಾರೆ ಅಂತ ಪ್ರೊಫೆಸರ್ ರಾಂಡಾ ಥಾಮಸ್ ವರ್ಷಾನುಗಟ್ಟಲೆ ಅವರ ಚರಿತ್ರೆ ಹುಡುಕ್ತಾ ಇದ್ದರು. ಇಬ್ಬರು ವಿದ್ಯಾರ್ಥಿನಿಯರು ಹೋಗಿ ನೋಡಿದರು, ಹೀಗೆ ಬಿಡೋದು ಸರಿಯಲ್ಲ ಅಂದರು. 2020ರಲ್ಲಿ ಪೊದೆ ತೆಗೆದರು, ನೆಲದೊಳಗೆ ನೋಡೋ ರಾಡಾರ್ ಯಂತ್ರ ತಂದರು. ಜುಲೈನಲ್ಲಿ 200ಕ್ಕೂ ಹೆಚ್ಚು ಸಮಾಧಿ ಗೊತ್ತಾದವು, ವರ್ಷ ಮುಗಿಯೋದರೊಳಗೆ 600 ದಾಟಿತು. ಒಂದೊಂದರ ಮೇಲೂ ಒಂದು ಪುಟ್ಟ ಬಾವುಟ ನೆಟ್ಟರು. ಇಬ್ಬರು ಹುಡುಗಿಯರು ‘ಇದೇನು?’ ಅಂತ ಕೇಳಿದ್ದರಿಂದ ಶುರುವಾದ ಲೆಕ್ಕ ಇದು.

ಈಗ ನಮ್ಮ ಕಡೆಗೆ ಬನ್ನಿ. ಊರವರು ಸತ್ತರೆ ಗುಂಡಿ ತೋಡೋರು ನಾವು. ಸಾವಿನ ಸುದ್ದಿ ಹೊತ್ತು ಹತ್ತೂರು ನಡೆಯೋರು ನಾವು, ಹೆಣದ ಮುಂದೆ ತಮಟೆ ಬಡಿಯೋರು ನಾವು. ನಮ್ಮವರು ಸತ್ತರೆ ಹೊತ್ತೊಯ್ಯೋಕೆ ದಾರಿ ಇಲ್ಲ. 2019ರ ಆಗಸ್ಟಿನಲ್ಲಿ ತಮಿಳುನಾಡಿನ ವಾಣಿಯಂಬಾಡಿ ಹತ್ತಿರ ನಾರಾಯಣಪುರದಲ್ಲಿ ದಲಿತರ ಹೆಣವನ್ನ ಹಗ್ಗ ಕಟ್ಟಿ ಸೇತುವೆ ಮೇಲಿಂದ ಕೆಳಗಿಳಿಸಬೇಕಾಯ್ತು. ಜಮೀನಿನವರು ದಾರಿ ಬಿಡಲಿಲ್ಲ.

ಅದಕ್ಕೇ ನನಗೆ ಈ ಕೆಲಸದಲ್ಲಿ ಒಂದು ಅನುಮಾನವೂ ಇದೆ, ಬಾಯಿಬಿಟ್ಟು ಹೇಳಿಬಿಡ್ತೀನಿ. ಎನ್ನೆಸ್ಸೆಸ್ ಕ್ಯಾಂಪು ಅಂತ ಸ್ಮಶಾನ ಸ್ವಚ್ಛತೆಗೆ ಕರೆದುಕೊಂಡು ಹೋಗ್ತಾರೆ ಅಂತಿಟ್ಟುಕೊಳ್ಳಿ. ಗುದ್ದಲಿ, ಪಿಕಾಸಿ, ಮಂಕರಿ ಯಾರ ಕೈಗೆ ಬರುತ್ತೆ? ಹಾಸ್ಟೆಲ್ ಹುಡುಗರ ಕೈಗೆ. ನಿಮಗೆ ಅಭ್ಯಾಸ ಇರುತ್ತಲ್ಲಪ್ಪ ಅಂತ ನಗುತ್ತಾ ಕೊಡ್ತಾರೆ. ನೋಟ್‌ಬುಕ್ ಹಿಡಿಯೋರು, ವರದಿ ಬರೆಯೋರು, ಫೋಟೋದ ಮಧ್ಯೆ ನಿಲ್ಲೋರು ಬೇರೆ. ಹಾಗಾದರೆ ಅದು ಸಂರಕ್ಷಣೆ ಅಲ್ಲ, ಸರ್ಟಿಫಿಕೇಟು ಕೊಟ್ಟು ಮಾಡಿಸೋ ಬಿಟ್ಟಿ ಚಾಕರಿ. ಹಾವರ್ಡ್‌ಗಾಗಿ ಜಗಳವಾಡಿದ ಜನರನ್ನ ಇಲ್ಲಿ ನೆನೆಸ್ಕೊಳ್ಳಿ. ಗುದ್ದಲಿ ಎಲ್ಲರೂ ಹಿಡಿಯಲಿ, ಗೌಡರ ಮಗನೂ ಹಿಡಿಯಲಿ, ಒಳ್ಳೇದೇ. ನೋಟ್‌ಬುಕ್ ಮಾತ್ರ ನಮ್ಮ ಕೈ ಬಿಡಬಾರದು. ಹೆಣ್ಣುಮಕ್ಕಳ ಹಾಸ್ಟೆಲಿನವರನ್ನ ಸ್ಮಶಾನಕ್ಕೆ ಹೆಂಗಸರು ಬರಬಾರದು ಅಂತ ಹಿಂದಿಟ್ಟರೆ ಅದನ್ನೂ ಒಪ್ಪಬೇಡಿ.

ಮೊದಲು ಕೇರಿ ಹಿರಿಯರನ್ನ ಕೇಳಿ ಹೋಗಬೇಕು. ನೆಲ ಅವರದು. ಯಾರ ಗುಂಡಿ ಎಲ್ಲಿ ಅಂತ ಅಜ್ಜಿಯಂದಿರಿಗೆ ಬಾಯಲ್ಲೇ ಇರುತ್ತೆ, ಅವರು ಹೋದರೆ ಅದೂ ಹೋಯ್ತು. ಅವರನ್ನ ದಿಬ್ಬಕ್ಕೇ ಕರೆದುಕೊಂಡು ಹೋಗಿ ತೋರಿಸಿ ಹೇಳಿಸಿ, ಬರೆದುಕೊಳ್ಳಿ. ಉದ್ದಕ್ಕೆ ಕುಸಿದ ತಗ್ಗು ಕಂಡರೆ ಅದೂ ಸಮಾಧಿ ಇರಬಹುದು, ಕಲ್ಲಿಲ್ಲ ಅಂತ ಬಿಡಬೇಡಿ. ಟೇಪು ಹಿಡಿದು ಅಳೆದು ನಕ್ಷೆ ಬರೀರಿ. ಕಲ್ಲು ಕಿತ್ತು ಸಾಲಾಗಿ ನಿಲ್ಲಿಸೋದು, ಸಿಮೆಂಟು ಮೆತ್ತೋದು, ಬಣ್ಣ ಹೊಡೆಯೋದು, ತಂತಿ ಬ್ರಷ್ಷಿನಲ್ಲಿ ಉಜ್ಜೋದು ಕೂಡದು, ಅಕ್ಷರ ಇದ್ದರೆ ಅದೇ ಅಳಿಸಿಹೋಗುತ್ತೆ. ಮೆತ್ತನೆ ಬ್ರಷ್ಷು, ಬರೀ ನೀರು ಸಾಕು. ಮರದ ಬೇರು ಕೀಳಬೇಡಿ, ಕೆಳಗೆ ಯಾರಿದ್ದಾರೋ. ಸಂಜೆಯ ಓರೆ ಬಿಸಿಲಲ್ಲಿ ಫೋಟೋ ತೆಗೆದರೆ ಸವೆದ ಅಕ್ಷರವೂ ಎದ್ದು ಕಾಣುತ್ತೆ.

ಕೋಲಾರದ ಹಾಸ್ಟೆಲಿನವರಿಗೆ ಕೆಲಸ ಮನೆ ಬಾಗಿಲಲ್ಲೇ ಇದೆ. 1880ರಲ್ಲಿ ಬ್ರಿಟಿಷ್ ಕಂಪನಿ ಶುರುಮಾಡಿದ ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಅಷ್ಟೂ ಕಾಲ ಕೆಳಗಿಳಿದು ಅಗೆದೋರು ಹೆಚ್ಚಾಗಿ ತಮಿಳು ಸೀಮೆಯಿಂದ ಬಂದ ದಲಿತರು, ಬಂಡೆ ಸಿಡಿದು ಸತ್ತೋರು ಅವರೇ. ಚಿನ್ನದ ತೂಕ ವರ್ಷವರ್ಷ ಬರೆದಿಟ್ಟಿದ್ದಾರೆ. ಕೂಲಿ ಲೈನುಗಳ ಮುದುಕರನ್ನ ಕೇಳಿ, ಯಾರು ಎಲ್ಲಿ ಮಣ್ಣಾದರು ಅಂತ.

ಉಳಿದವರು ರಜಕ್ಕೆ ಊರಿಗೆ ಹೋದಾಗ ಮೊದಲ ಕೆಲಸ ಕಾಗದದ್ದು. ನಿಮ್ಮ ಕೇರಿ ಸ್ಮಶಾನದ ಸರ್ವೆ ನಂಬರು ಯಾವುದು, ಪಹಣಿಯಲ್ಲಿ ಬಿ ಖರಾಬು ಅಂತ ಇದೆಯೋ ಅಥವಾ ಯಾರದೋ ಹೆಸರು ಕೂತಿದೆಯೋ, ಗ್ರಾಮ ನಕಾಶೆಯಲ್ಲಿ ದಾರಿ ತೋರಿಸಿದ್ದಾರೋ ಇಲ್ಲವೋ, ನಾಡಕಚೇರಿಗೆ ಹೋಗಿ ನಕಲು ತಗೊಳ್ಳಿ. ನಕಾಶೆಯಲ್ಲಿರೋ ಗುಂಟೆಗೂ ನಿಮ್ಮ ಟೇಪಿನ ಅಳತೆಗೂ ವ್ಯತ್ಯಾಸ ಕಂಡರೆ ತಹಶೀಲ್ದಾರರಿಗೆ ಅಳತೆಯ ಅರ್ಜಿ ಕೊಟ್ಟು, ಸ್ವೀಕೃತಿಗೆ ಸೀಲು ಹಾಕಿಸ್ಕೊಳ್ಳಿ. ಹಿರಿಯರ ಹೆಸರಿನ ಪಟ್ಟಿ ಎರಡು ಪ್ರತಿ ಮಾಡಿ. ಒಂದು ಕೇರಿಯಲ್ಲಿರಲಿ, ಇನ್ನೊಂದನ್ನ ಮುಂದಿನ ಸಭೆಗೆ ತನ್ನಿ.