ಎಂಟೂವರೆಗೆ ಹುಡುಗೀರೆಲ್ಲ ಮನೆಗೆ

ಬ್ಲಾಗು ಧೂಳು ಹಿಡಿದು ತಿಂಗಳುಗಳೇ ಆದ್ವು. ಕೆಲಸ, ಡೆಡ್‌ಲೈನು, ಸೋಮಾರಿತನ... ಅದೇ ಹಳೇ ಸಬೂಬು. ಇವತ್ತು ಮಾತ್ರ ಬರೀಲೇಬೇಕು ಅಂತ ಕೂತಿದೀನಿ. ಕಾರಣ, ಊರಿಂದ ಬಂದ ಒಂದು ಫೋನು.

ನಮ್ಮದು ಹರಪನಹಳ್ಳಿ ತಾಲೂಕು, ಉಚ್ಚಂಗಿದುರ್ಗದ ಕಡೆ. ಜಿಲ್ಲೆ ಯಾವುದು ಅಂತ ಕೇಳಿದ್ರೆ ಮಾತ್ರ ಸ್ವಲ್ಪ ಯೋಚಿಸಿ ಹೇಳ್ಬೇಕು. ಮೊದಲು ಬಳ್ಳಾರಿ, 1997ರಲ್ಲಿ ದಾವಣಗೆರೆ, 2018ರಲ್ಲಿ ಮತ್ತೆ ಬಳ್ಳಾರಿ, 2021ರಿಂದ ವಿಜಯನಗರ. ಮನೆ ಬದಲಾಯಿಸದೇನೇ ಇಷ್ಟು ಜಿಲ್ಲೆ ಸುತ್ತಿದ ಜನ ನಾವು :-)

ಅಲ್ಲಿ ನಮ್ಮದೊಂದು ಸಣ್ಣ ಸಭೆ ಇದೆ. ಚರ್ಚಿಗೆ ನಾವು ಹಾಗೇ ಅನ್ನೋದು. ಬೇಸಿಗೆ ರಜೆಯಲ್ಲಿ ಹೈಸ್ಕೂಲು, ಪಿಯುಸಿ ಮಕ್ಕಳಿಗೆ ಒಂದು ರಾತ್ರಿಯ ಕೂಟ ಮಾಡ್ತೀವಿ. ಸಂಜೆ ಮಂಡಕ್ಕಿ ಮಿರ್ಚಿ, ಆಟ, ಹಾಡು, ಊಟ, ಬೈಬಲ್ ಸ್ಟಡಿ, ಅಲ್ಲೇ ಜಮಖಾನ ಹಾಸ್ಕೊಂಡು ಮಲಗೋದು, ಬೆಳಿಗ್ಗೆ ಉಪ್ಪಿಟ್ಟು ತಿಂದು ಮನೆಗೆ. ಇಷ್ಟೇ. ಆದ್ರೆ ವರ್ಷಪೂರ್ತಿ ಮಕ್ಕಳು ಕಾಯೋದು ಇದಕ್ಕೇ. ಫೋನ್ ಮಾಡಿದ ಹಿರಿಯರು "ನೀನು ಇಂಜಿನಿಯರು, ಪ್ಲಾನ್ ಮಾಡೋದು ನಿಂಗೇ ಸರಿ. ಎಲ್ಲಾ ಹೋದ್ವರ್ಷದ ಹಂಗೇ ಇರ್ಲಿ" ಅಂದ್ರು.

ಆ ಕೊನೇ ಮಾತಿಗೇ ನನ್ನ ತಕರಾರು.

ಹೋದ ವರ್ಷ ಏನಾಯ್ತು ಅಂದ್ರೆ, ಹುಡುಗ ಹುಡುಗೀರು ಸೇರಿ ಮೂವತ್ತರ ಹತ್ತಿರ ಬಂದಿದ್ರು. ಸ್ಟಡಿಗೆ ನಾನು ಆರಿಸಿದ್ದು ಸಮುವೇಲನ ಕಥೆ. ಕಥೆ ಗೊತ್ತಿಲ್ಲದವರಿಗೆ: ಹನ್ನ ಅನ್ನೋ ಹೆಂಗಸಿಗೆ ಮಕ್ಕಳಿಲ್ಲ. ಗಂಡುಮಗು ಕೊಟ್ರೆ ದೇವರಿಗೇ ಬಿಡ್ತೀನಿ ಅಂತ ಹರಕೆ ಹೊರ್ತಾಳೆ. ಮಗು ಹುಟ್ಟುತ್ತೆ, ಹಾಲು ಬಿಡಿಸಿದ ಮೇಲೆ ಶೀಲೋ ಅನ್ನೋ ಊರಿನ ಆಲಯಕ್ಕೆ ಕರ್ಕೊಂಡು ಹೋಗಿ ಏಲಿ ಅನ್ನೋ ಮುದಿ ಯಾಜಕನ ಹತ್ತಿರ ಬಿಟ್ಟು ಬರ್ತಾಳೆ. ಆಮೇಲೆ ಒಂದು ರಾತ್ರಿ ಮಲಗಿದ್ದ ಹುಡುಗನನ್ನ ದೇವರು ಹೆಸರು ಹಿಡಿದು ಕರೀತಾನೆ. ರಾತ್ರಿ ಕೂಟಕ್ಕೆ ಇದಕ್ಕಿಂತ ಒಳ್ಳೇ ಕಥೆ ಯಾವುದಿದೆ ಅಂತ ನನ್ನ ಲೆಕ್ಕ.

ಊಟಕ್ಕೆ ಮುಂಚೆ ಪೀಠಿಕೆ ಹೇಳ್ತಿದ್ದೆ. ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಕೈ ಎತ್ತಿದ್ಲು. "ಅಣ್ಣ, ಹಂಗಾರೆ ಸಮುವೇಲನ್ನೂ ಬಿಟ್ಟಿದ್ರಾ?"

ಬೇರೆ ಕಡೆಯವರಿಗೆ ಆ 'ಬಿಟ್ಟಿದ್ರಾ' ಅನ್ನೋದು ಸಾಧಾರಣ ಮಾತು. ನಮ್ಮ ಕಡೆ ಹಾಗಲ್ಲ. ದೇವರಿಗೆ ಬಿಡೋದು ಅಂದ್ರೆ ಹುಡುಗಿಗೆ ಮುತ್ತು ಕಟ್ಟಿ ದೇವದಾಸಿ ಮಾಡೋದು. ಅವಳು ಕೇಳಿದ್ದು ಅದನ್ನೇ, ಸುಮ್ಮನೆ ಕೇಳಿದ್ದೂ ಅಲ್ಲ. ಎಲ್ಲರೂ ಗಪ್‌ಚುಪ್. ನಾನು ತಡಬಡಾಯಿಸಿ "ಊಟ ಆದ್ಮೇಲೆ ಸ್ಟಡೀಲಿ ಮಾತಾಡೋಣಮ್ಮ" ಅಂದೆ. ಊಟ ಆಯ್ತು. ಎಂಟೂವರೆಗೆ ಹಿರಿಯರೊಬ್ಬರು ಬಂದು "ಹುಡುಗೀರೆಲ್ಲ ಮನೆಗೆ ನಡೀರಿ" ಅಂದ್ರು. ಹೋದ್ರು. ನಾನು ಅವಳ ಪ್ರಶ್ನೆಗೆ ಉತ್ತರ ಹೇಳಿದ್ದು ರಾತ್ರಿ ಹತ್ತು ಗಂಟೆಗೆ, ಆಕಳಿಸ್ತಾ ಕೂತಿದ್ದ ಹುಡುಗರ ಮುಂದೆ.

ಒಂದು ವರ್ಷದಿಂದ ಇದು ನನ್ನನ್ನ ಕೊರೀತಾ ಇದೆ.

ಹಿರಿಯರನ್ನ ಕೇಳಿದ್ರೆ ಉತ್ತರ ರೆಡಿ: ಹೆಣ್ಮಕ್ಕಳು ರಾತ್ರಿ ಹೊರಗೆ ಉಳಿಯೋದು ನಮ್ಮ ಕಡೆ ಪದ್ಧತಿ ಇಲ್ಲ, ಜನ ಏನಂತಾರೆ. ಪದ್ಧತಿ ಇಲ್ವಾ? ಭರತ ಹುಣ್ಣಿಮೆಗೆ ಉಚ್ಚಂಗೆಮ್ಮನ ಗುಡ್ಡಕ್ಕೆ ಬರೋ ಸಾವಿರಾರು ಜನರಲ್ಲಿ ಹೆಂಗಸರು ಎಷ್ಟಿರ್ತಾರೆ, ನೋಡಿದವರೇ ಹೇಳಿ. ಟ್ರ್ಯಾಕ್ಟರು, ಗಾಡಿ ಕಟ್ಕೊಂಡು ಬಂದು, ಬಯಲಲ್ಲಿ ಒಲೆ ಹೂಡಿ, ಅಲ್ಲೇ ಮಲಗಿ ಏಳ್ತಾರೆ. ಹಡಗಲಿ ತಾಲೂಕಿನ ಮೈಲಾರದ ಕಾರ್ಣಿಕಕ್ಕೆ ಹೋದವರೂ ಹಾಗೇ. ಕೊಟ್ಟೂರು ತೇರಿಗೆ ದಾವಣಗೆರೆಯಿಂದ ಪಾದಯಾತ್ರೆ ಹೋಗೋರಲ್ಲಿ ಹೆಣ್ಮಕ್ಕಳಿಲ್ವಾ? ನಮ್ಮ ಸೀಮೆಯ ಹೆಂಗಸರಿಗೆ ಮನೆ ಬಿಟ್ಟು ರಾತ್ರಿ ಕಳೆಯೋದು ಹೊಸದೇನಲ್ಲ. ಹಾಗಾಗಿ 'ಪದ್ಧತಿ' ಅನ್ನೋ ವಾದ ನಂಗೆ ಒಪ್ಪಿಗೆ ಇಲ್ಲ.

ಆದ್ರೆ ನ್ಯಾಯವಾಗಿ ಮಾತಾಡ್ಬೇಕಲ್ಲ. ಪದ್ಧತಿ ಇದೆ ಅಂದ ಮಾತ್ರಕ್ಕೆ ರಾತ್ರಿ ಕ್ಷೇಮ ಅಂತಲ್ಲ. ಅದೇ ಹುಣ್ಣಿಮೆ ರಾತ್ರಿಗಳಲ್ಲೇ ಬಡವರ ಮನೆ ಹುಡುಗೀರಿಗೆ ಮುತ್ತು ಕಟ್ಟಿದ್ದು. ಕರ್ನಾಟಕದಲ್ಲಿ ಅದನ್ನ ನಿಷೇಧಿಸೋ ಕಾಯ್ದೆ ಆಗಿದ್ದು 1982ರಲ್ಲಿ. ಮೂವತ್ತೆರಡು ವರ್ಷ ಆದ್ಮೇಲೆ, 2014ರ ಫೆಬ್ರವರಿಯಲ್ಲಿ, ನಮ್ಮ ತಾಲೂಕಿನ ಗುಡಿಯಲ್ಲಿ ಆ ರಾತ್ರಿ ಹಾಗಾಗದಂತೆ ತಡೀರಿ ಅಂತ ಸುಪ್ರೀಂ ಕೋರ್ಟು ರಾಜ್ಯದ ಮುಖ್ಯ ಕಾರ್ಯದರ್ಶಿಗೆ ಹೇಳ್ಬೇಕಾಯ್ತು.

ಇದನ್ನ ಇನ್ನೊಬ್ಬರ ದೇವರನ್ನ ಆಡಿಕೊಳ್ಳೋಕೆ ಬರೀತಿಲ್ಲ. ನಮ್ಮವರೇನೂ ಮೇಲಲ್ಲ. ಅಮೆರಿಕದ ಬಾಸ್ಟನ್ ಗ್ಲೋಬ್ ಪತ್ರಿಕೆ 2002ರಲ್ಲಿ ಸಾಲುಸಾಲಾಗಿ ಬರೆದದ್ದು ಚರ್ಚಿನ ಪಾದ್ರಿಗಳು ಮಕ್ಕಳ ಮೇಲೆ ಮಾಡಿದ ದೌರ್ಜನ್ಯದ ಬಗ್ಗೆ. 'ಸ್ಪಾಟ್‌ಲೈಟ್' ಸಿನಿಮಾ ನೋಡಿದವರಿಗೆ ಗೊತ್ತಿರುತ್ತೆ. ಮೇಲಿನವರಿಗೆ ವಿಷಯ ಗೊತ್ತಿತ್ತು. ಆದ್ರೂ ತಪ್ಪು ಮಾಡಿದವರನ್ನ ಒಂದು ಚರ್ಚಿಂದ ಇನ್ನೊಂದಕ್ಕೆ ವರ್ಗ ಮಾಡಿ ಸುಮ್ಮನಾದ್ರು.

ವಿಚಿತ್ರ ಅಂದ್ರೆ ಇದೂ ಸಮುವೇಲನ ಕಥೆಯಲ್ಲೇ ಇದೆ. ನಾವು ಸಂಡೇ ಸ್ಕೂಲಲ್ಲಿ ಆ ಭಾಗ ಹಾರಿಸಿಬಿಡ್ತೀವಿ ಅಷ್ಟೇ. ಏಲಿಯ ಇಬ್ಬರು ಮಕ್ಕಳು, ಹೊಫ್ನಿ ಮತ್ತು ಫೀನೆಹಾಸ, ಅವರೂ ಯಾಜಕರೇ. ಗುಡಾರದ ಬಾಗಿಲಲ್ಲಿ ಸೇವೆ ಮಾಡ್ತಿದ್ದ ಹೆಂಗಸರ ಜೊತೆ ಮಲಗ್ತಿದ್ರು ಅಂತ ಸ್ಪಷ್ಟವಾಗಿ ಬರೆದಿದೆ. ಊರವರು ಬಂದು ಹೇಳಿದ್ರೂ ಏಲಿ ಮಾಡಿದ್ದು ಬರೀ ಬುದ್ಧಿಮಾತು ಹೇಳಿದ್ದು. ಅಧಿಕಾರ ಕಸಿದುಕೊಳ್ಳಲಿಲ್ಲ. ದೇವರು ಆ ರಾತ್ರಿ ಹುಡುಗನಿಗೆ ಹೇಳಿದ್ದು ಆ ಮನೆಗೆ ಬರೋ ಶಿಕ್ಷೆಯ ವಿಷಯ. ಬೆಳಗಾದ ಮೇಲೆ ಅದನ್ನ ಏಲಿಗೆ ಹೇಳೋಕೆ ಹುಡುಗ ಹೆದರ್ತಾನೆ. ಏಲಿ ಒಂದು ಕೆಲಸ ಮಾತ್ರ ಸರಿಯಾಗಿ ಮಾಡಿದ: ಏನೂ ಮುಚ್ಚಿಡಬೇಡ, ಹೇಳು ಅಂದ, ಕೊನೇವರೆಗೂ ಕೇಳಿಸ್ಕೊಂಡ.

ಹಾಗಾಗಿ ಆ ಹುಡುಗಿಗೆ ನಾನು ಹೇಳ್ಬೇಕಾಗಿದ್ದ ಉತ್ತರ ಇದು: ಹೌದಮ್ಮ, ಬಿಟ್ಟಿದ್ರು. ಹರಕೆ ಹೊತ್ತಿದ್ದು ಅಮ್ಮ, ಮಗುವನ್ನ ಯಾರೂ ಕೇಳ್ಲಿಲ್ಲ. ಆದ್ರೆ ಬಿಟ್ಟ ಮಗು ಬಾಯಿ ತೆರೆದು ಮಾತಾಡಿದ, ಹಿರಿಯ ತಲೆಬಾಗಿ ಕೇಳಿದ ಕಥೆನೂ ಇದೇ. ಬಾಗಿಲಲ್ಲಿದ್ದ ಹೆಂಗಸರನ್ನ ಮಾತ್ರ ಯಾರೂ ಏನೂ ಕೇಳ್ಲಿಲ್ಲ, ಅವರ ಹೆಸರೂ ಅಲ್ಲಿಲ್ಲ.

ಇದನ್ನ ಹುಡುಗೀರನ್ನ ಮನೆಗೆ ಕಳಿಸಿ ಹೇಳೋದಾ?

ಈಗ ಪ್ಲಾನಿಗೆ ಬರ್ತೀನಿ. ವಾಟ್ಸಾಪಲ್ಲಿ ಯಾರೋ ಇಂಗ್ಲಿಷಿನ ಒಂದು ಪ್ಲಾನ್ ಫಾರ್ವರ್ಡ್ ಮಾಡಿದ್ರು. ಪಿಜ್ಜಾ, ಕತ್ತಲಲ್ಲಿ ಹೊಳೆಯೋ ಕಡ್ಡಿ, ದೀಪ ಆರಿಸಿ ಹುಡುಕಾಟ. ಮೊದಲನೇ ಕೆಲಸ, ಅದನ್ನ ಪಕ್ಕಕ್ಕಿಟ್ಟೆ. ದೀಪ ಆರಿಸೋ ಆಟ ಒಂದೂ ಬೇಡ. ಬೆಳಕಿರೋವಾಗ ಖೋಖೋ, ಲಗೋರಿ. ಕತ್ತಲಾದ್ಮೇಲೆ ಒಳಗೆ ಟ್ಯೂಬ್‌ಲೈಟಿನ ಕೆಳಗೆ ಚೌಕಾಬಾರ. ಆಮೇಲೆ ಒಬ್ಬರಿಗೆ ಕಣ್ಣು ಕಟ್ಟಿ, ಹಿಂದಿನಿಂದ ಇನ್ನೊಬ್ಬರು ಹೆಸರು ಕರೆಯೋದು. ಯಾರ ದನಿ ಅಂತ ಹೇಳ್ಬೇಕು, ಮುಟ್ಟೋ ಹಾಗಿಲ್ಲ. ಸಮುವೇಲ ಮೂರು ಸಲ ಏಲಿನೇ ಕರೆದ ಅಂತ ಎದ್ದು ಓಡಿದ್ನಲ್ಲ, ಅಲ್ಲಿಂದ ಸೀದಾ ಸ್ಟಡಿಗೆ ಹೋಗ್ಬಹುದು.

ಸ್ಟಡಿ ಕನ್ನಡದಲ್ಲೇ. 1810ರಲ್ಲಿ ಬಳ್ಳಾರಿಗೆ ಬಂದ ಜಾನ್ ಹ್ಯಾಂಡ್ಸ್ ಕನ್ನಡ ಕಲಿತು ಅನುವಾದಕ್ಕೆ ಕೂತು, 1831ರ ಹೊತ್ತಿಗೆ ಪೂರ್ತಿ ಬೈಬಲ್ ಕನ್ನಡದಲ್ಲಿ ಬಂತು. ನಮ್ಮ ಹಳೇ ಜಿಲ್ಲಾ ಕೇಂದ್ರದಲ್ಲಿ ಶುರುವಾದ ಕೆಲಸ. ಈಗಿನ ಮಕ್ಕಳಿಗೆ ಬೈಬಲಿನ ಕನ್ನಡ ಸ್ವಲ್ಪ ಗ್ರಾಂಥಿಕ, ನಿಜ. ಅದಕ್ಕೇ ಒಬ್ಬರು ಗಟ್ಟಿಯಾಗಿ ಓದೋದು, ಇನ್ನೊಬ್ಬರು ಅದನ್ನೇ ನಮ್ಮೂರ ಮಾತಲ್ಲಿ ಹೇಳೋದು. ಒಂದು ಗಂಟೆ ಸಾಕು. ಪೌಲನ ಪ್ರಸಂಗ ಮಧ್ಯರಾತ್ರಿವರೆಗೂ ಎಳೆದು, ಕಿಟಕೀಲಿ ಕೂತಿದ್ದ ಯೂತಿಕ ಅನ್ನೋ ಹುಡುಗ ನಿದ್ದೆ ತೂಗಿ ಮೂರನೇ ಅಂತಸ್ತಿಂದ ಬಿದ್ದ ಕಥೆ ಅಪೊಸ್ತಲರ ಕೃತ್ಯಗಳಲ್ಲಿದೆ. ನಮ್ಮ ಪ್ರಸಂಗಿಗಳು ಅದನ್ನ ವರ್ಷಕ್ಕೊಂದು ಸಲ ಓದೋದು ಒಳ್ಳೇದು :-)

ಇನ್ನು ರಾತ್ರಿ. ಹುಡುಗೀರು ಒಳಗಿನ ಹಾಲಲ್ಲಿ, ಯಾಕಂದ್ರೆ ಬಚ್ಚಲು ಆ ಕಡೆ ಇದೆ. ಹುಡುಗರು ಹೊರಗಿನ ಶೆಡ್ಡಲ್ಲಿ. ಹಾಲಲ್ಲಿ ಇಬ್ಬರು ತಾಯಂದಿರು ಕಡ್ಡಾಯ, ಶೆಡ್ಡಲ್ಲೂ ಇಬ್ಬರು ದೊಡ್ಡವರು. ಯಾವ ದೊಡ್ಡವರೂ ಯಾವ ಮಗುವಿನ ಜೊತೆಗೂ ಒಂಟಿಯಾಗಿ ಇರೋ ಹಾಗಿಲ್ಲ. ಪಾಸ್ಟರಿಗೂ ಇದೇ ರೂಲು, ನನಗೂ ಇದೇ. ಕರೆಂಟು ಹೋದ್ರೆ ಚಾರ್ಜಿಂಗ್ ಲೈಟು ಎರಡೂ ಕಡೆ. ಮಕ್ಕಳ ಫೋಟೋ ಗ್ರೂಪಿಗೆ ಹಾಕೋ ಹಾಗಿಲ್ಲ. ಅಪ್ಪ ಅಮ್ಮ ಸಹಿ ಹಾಕಿದ ಚೀಟಿ ಇಲ್ದೆ ಯಾರಿಗೂ ಪ್ರವೇಶ ಇಲ್ಲ. ನಮ್ಮ ಸಭೆಗೆ ಸೇರದ ಮನೆಯ ಮಗು ಗೆಳೆಯರ ಜೊತೆ ಬರ್ತೀನಿ ಅಂದ್ರೆ, ಇಲ್ಲಿ ಬೈಬಲ್ ಓದ್ತೀವಿ ಅಂತ ಆ ಮನೆಯವರಿಗೆ ಮೊದಲೇ ಹೇಳಿ, ಅವರೇ ಬಂದು ಬಿಟ್ಟು ಹೋದ್ರೆ ಮಾತ್ರ. ರಾತ್ರಿ ಎರಡು ಗಂಟೆಗೆ ಯಾರಾದ್ರೂ "ಮನೆಗೆ ಹೋಗ್ಬೇಕು" ಅಂದ್ರೆ ಯಾಕೆ ಏನು ಅಂತ ಕೇಳದೆ ಮನೆಗೆ ಫೋನು.

ಗೋಡೆ ಮೇಲೆ ದೊಡ್ಡದಾಗಿ 1098, ಮಕ್ಕಳ ಸಹಾಯವಾಣಿ. ದೊಡ್ಡವರಿಗೆ ಮೊದಲೇ ಅರ್ಧ ಗಂಟೆ ಮೀಟಿಂಗು. 2012ರ ಪೋಕ್ಸೋ ಕಾಯ್ದೆ ಪ್ರಕಾರ ಹದಿನೆಂಟು ತುಂಬದವರೆಲ್ಲ ಮಕ್ಕಳೇ. ದೌರ್ಜನ್ಯದ ವಿಷಯ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿದ್ರೆ ಅದೂ ಅಪರಾಧ. 'ಸಭೆಯೊಳಗೇ ಕೂತು ಬಗೆಹರಿಸ್ಕೊಳ್ಳೋಣ' ಅನ್ನೋಕೆ ಅವಕಾಶವೇ ಇಲ್ಲ. ಏಲಿ ಮಾಡಿದ್ದು ಅದನ್ನೇ ಅಲ್ವಾ?

ಇಷ್ಟನ್ನ ಎಕ್ಸೆಲ್ಲಲ್ಲಿ ಬರೆದು ಕಳಿಸಿದೆ. ಬಂದ ಉತ್ತರ: "ಒಂದು ರಾತ್ರಿಗೆ ಇಷ್ಟೊಂದು ರೂಲ್ಸಾ? ಅದಕ್ಕಿಂತ ಹುಡುಗೀರನ್ನ ಮನೆಗೆ ಕಳಿಸೋದೇ ಸುಲಭ ಅಲ್ವೇನಪ್ಪ."

ಸುಲಭ ನಿಜ. ಆಫೀಸಲ್ಲೂ ನೋಡಿದೀನಿ, ಬಗ್ ಸಿಕ್ಕಾಗ ಕೆಲವರು ಕೋಡ್ ಸರಿ ಮಾಡಲ್ಲ, ಆ ಬಟನ್ನನ್ನೇ ತೆಗೆದುಬಿಡ್ತಾರೆ. ಆದ್ರೆ ಹುಡುಗೀರನ್ನ ಕಳಿಸಿಬಿಟ್ರೆ ಉಳಿದ ಹುಡುಗರಿಗೆ ಈ ರೂಲ್ಸ್ ಬೇಡ್ವಾ? ಬಾಸ್ಟನ್ನಿನ ಆ ಮಕ್ಕಳಲ್ಲಿ ಹುಡುಗರೇ ಎಷ್ಟೋ ಜನ ಇದ್ರು. ಮತ್ತೆ ಮನೆಗೆ ಕಳಿಸಿದ ಹುಡುಗಿ ಕಲಿತದ್ದೇನು? ರಾತ್ರಿ ಅನ್ನೋದು ನಿಂದಲ್ಲ, ನಿನ್ನ ಪ್ರಶ್ನೆಗೆ ಕಾಯೋರು ಯಾರೂ ಇಲ್ಲ ಅಂತ. ನಾಳೆ ಅವಳಿಗೆ ನಿಜವಾಗ್ಲೂ ಏನೋ ಹೇಳ್ಬೇಕಾಗಿ ಬಂದ್ರೆ ನಮ್ಮ ಹತ್ತಿರ ಬರ್ತಾಳಾ?

ಸದ್ಯದ ಸ್ಥಿತಿ ಹೀಗಿದೆ. ಮೂವರು ತಾಯಂದಿರು ಉಳೀತೀವಿ ಅಂದಿದಾರೆ. ಹಿರಿಯರು ಇನ್ನೂ "ನೋಡೋಣ"ದಲ್ಲೇ ಇದಾರೆ. ನಾನಂತೂ ಹೇಳಿದೀನಿ: ಹುಡುಗೀರು ಎಂಟೂವರೆಗೆ ಹೋಗೋದಾದ್ರೆ ಹುಡುಗರೂ ಎಂಟೂವರೆಗೇ ಹೋಗ್ಲಿ, ಹಗಲು ಕೂಟನೇ ಮಾಡೋಣ. ಅರ್ಧ ಮಕ್ಕಳಿಗೆ ರಾತ್ರಿ ಕೂಟ ಮಾಡೋಕೆ ನಾನು ಬರಲ್ಲ.

ಆ ಹುಡುಗಿ ಈ ವರ್ಷ ಹತ್ತನೇ ಕ್ಲಾಸ್ ಪರೀಕ್ಷೆ ಬರೆದಿದಾಳೆ. ಬರ್ತಾಳಂತೆ. ಪ್ರಶ್ನೆ ನೆನಪಿದ್ಯೋ ಇಲ್ವೋ ಗೊತ್ತಿಲ್ಲ, ಉತ್ತರ ಮಾತ್ರ ಈ ಸಲ ಊಟಕ್ಕೆ ಮುಂಚೆನೇ ಹೇಳ್ತೀನಿ.

ನಿಮ್ಮಲ್ಲಿ ಎನ್ಎಸ್ಎಸ್ ಕ್ಯಾಂಪು, ಚಾರಣ, ಮಕ್ಕಳ ರಂಗಶಿಬಿರ ಅಂತ ರಾತ್ರಿ ಉಳಿಯೋ ಕಾರ್ಯಕ್ರಮ ನಡೆಸಿದವರು ಇದ್ದೀರಲ್ಲ... ನನ್ನ ಪ್ಲಾನಲ್ಲಿ ಏನು ಬಿಟ್ಟುಹೋಗಿದೆ? ದಯವಿಟ್ಟು ಹೇಳಿ. ಬೈದ್ರೂ ಪರವಾಗಿಲ್ಲ, ಕೂಟಕ್ಕೆ ಮುಂಚೆ ಬೈದುಬಿಡಿ.