ಒಂದು ಕಾರ್ಟನ್ ತಾನೇ ಅನ್ನುವ ಮುಂಚೆ

ಗಲ್ಫಿನಿಂದ ಮಗ ಊರಿಗೆ ಬರುತ್ತಾನೆಂದರೆ ನಮ್ಮ ಮನೆಗಳಲ್ಲಿ ವಾರ ಮುಂಚೆಯೇ ಪಟ್ಟಿ ಸಿದ್ಧ. ಉಮ್ಮನಿಗೆ ಅತ್ತರು, ಮಕ್ಕಳಿಗೆ ಚಾಕಲೇಟು, ನೆಂಟರಿಗೆ ಖರ್ಜೂರ. ಕೊನೆಗೆ ಮಾವನೋ ನೆರೆಮನೆಯವರೋ ಫೋನ್ ಮಾಡಿ, "ಬರೋವಾಗ ಒಂದು ಕಾರ್ಟನ್ ಸಿಗರೇಟು ಹಾಕ್ಕೊಂಡು ಬಾ" ಅನ್ನುತ್ತಾರೆ. ಮಂಗಳೂರು ಕಡೆ ಮಾತ್ರವಲ್ಲ, ವ್ಯಾಪಾರಕ್ಕೆಂದು ಬಂದು ಮಂಡ್ಯ, ಮದ್ದೂರು, ಮಳವಳ್ಳಿಯಲ್ಲಿ ನೆಲೆಸಿದ ನಮ್ಮವರ ಮನೆಗಳಲ್ಲೂ ಇದೇ ಕಥೆ. ಹುಡುಗ ಹಿಂಜರಿದರೆ ಇಲ್ಲಿಯ ಮಾತಿನಲ್ಲೇ ಧೈರ್ಯ ಹೇಳುತ್ತೇವೆ: "ಏನೂ ಆಗಕಿಲ್ಲ ಬುಡು."

ಆಗುತ್ತದೆ. ಲೆಕ್ಕ ನೋಡೋಣ. ಹೊರದೇಶದಿಂದ ಬರುವ ಒಬ್ಬ ಪ್ರಯಾಣಿಕ ಸುಂಕವಿಲ್ಲದೆ ತರಬಹುದಾದದ್ದು 100 ಸಿಗರೇಟು, ಇಲ್ಲವೇ 25 ಸಿಗಾರ್, ಇಲ್ಲವೇ 125 ಗ್ರಾಂ ತಂಬಾಕು. ಒಂದು ಕಾರ್ಟನ್ನಿನಲ್ಲಿ 20ರ 10 ಪ್ಯಾಕು, ಅಂದರೆ 200 ಸಿಗರೇಟು. ಮಿತಿಗೆ ನೇರ ಎರಡು ಪಟ್ಟು. "ಒಂದು ಕಾರ್ಟನ್ ಬಿಡ್ತಾರೆ" ಎಂಬುದು ಹಳೆಯವರ ಲೆಕ್ಕ. ಆಗ ಮಿತಿ 200 ಇತ್ತು, 2014ರ ಬಜೆಟಿನಲ್ಲಿ ಅರ್ಧಕ್ಕಿಳಿಯಿತು. ನಿಯಮ ಬದಲಾಯಿತು, ನಮ್ಮ ಬಾಯಿಮಾತು ಬದಲಾಗಲಿಲ್ಲ.

ಇನ್ನೊಂದು ತಪ್ಪು ತಿಳಿವಳಿಕೆ 'ಡ್ಯೂಟಿ ಫ್ರೀ' ಬೋರ್ಡಿನದು. ದುಬೈ ನಿಲ್ದಾಣದ ಅಂಗಡಿಯಲ್ಲಿ ಕೊಂಡದ್ದಕ್ಕೆ ಅಲ್ಲಿಯ ತೆರಿಗೆ ಇಲ್ಲ, ಅಷ್ಟೆ. ಇಲ್ಲಿಳಿದಾಗ ನಮ್ಮ ಮಿತಿಯೇ ಲೆಕ್ಕ. ಹೆಚ್ಚಿದ್ದರೆ ರೆಡ್ ಚಾನೆಲಿಗೆ ಹೋಗಿ ಹೇಳಬೇಕು. ಹೇಳದೆ ಗ್ರೀನ್ ಚಾನೆಲಿನಲ್ಲಿ ನಡೆದು ಸಿಕ್ಕಿಬಿದ್ದರೆ, 1962ರ ಕಸ್ಟಮ್ಸ್ ಕಾಯ್ದೆಯ ಪ್ರಕಾರ ಮಾಲು ಮುಟ್ಟುಗೋಲು, ಮೇಲೆ ದಂಡ.

ಈಗಿನ ಹುಡುಗರ ಕೈಯಲ್ಲಿರುವ ವೇಪ್, ಅಂದರೆ ಇ-ಸಿಗರೇಟಿನ ವಿಷಯ ಇನ್ನೂ ಗಂಭೀರ. ಅದಕ್ಕೆ ಮಿತಿಯೇ ಇಲ್ಲ, ಯಾಕೆಂದರೆ ಒಂದೂ ತರುವಂತಿಲ್ಲ. 2019ರ ಕಾನೂನಿನಂತೆ ಮೊದಲ ತಪ್ಪಿಗೇ ಒಂದು ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ.

ಹೋಗುವಾಗಲೂ ಎಚ್ಚರ ಬೇಕು. ದುಬೈಯಲ್ಲಿರುವ ಮಗನ ಮನೆಗೆ ಹೊರಟ ಉಮ್ಮ, ಅಭ್ಯಾಸಬಲದಿಂದ ವೀಳ್ಯದೆಲೆ, ಹೊಗೆಸೊಪ್ಪು ಚೀಲಕ್ಕೆ ಹಾಕಿಕೊಳ್ಳುವುದುಂಟು. ಅಲ್ಲಿ ಪಾನ್, ವೀಳ್ಯದೆಲೆ ತರುವುದಕ್ಕೇ ನಿಷೇಧ. ಉಮ್ರಾಕ್ಕೆ ಹೊರಟವರ ಕೈಗೆ, "ಅಲ್ಲಿರೋ ನಮ್ಮ ಹುಡುಗನಿಗೆ ಕೊಟ್ಬಿಡಿ" ಎಂದು ಕಟ್ಟು ಕೊಡುವವರೂ ಇದ್ದಾರೆ. ಬಿಡಿಸಿ ನೋಡದೆ ತೆಗೆದುಕೊಳ್ಳಬೇಡಿ. ಚೀಲ ತೆರೆದಾಗ "ಇದು ನನ್ನದಲ್ಲ" ಅಂದರೆ ಯಾರೂ ಕೇಳುವುದಿಲ್ಲ. ಚೀಟಿ ನಿಮ್ಮ ಹೆಸರಿನದು, ಪಾಸ್‌ಪೋರ್ಟೂ ನಿಮ್ಮದು.

ನಮ್ಮ ಪರಿಚಯದ ಹುಡುಗನೊಬ್ಬ ಎರಡು ವರ್ಷದ ಮೇಲೆ ರಜೆಗೆ ಬಂದ. ಚೀಲದಲ್ಲಿದ್ದ ಮೂರು ಕಾರ್ಟನ್ನುಗಳಲ್ಲಿ ಒಂದೂ ಅವನದಲ್ಲ. ಅವನು ಸಿಗರೇಟು ಸೇದುವವನೇ ಅಲ್ಲ. ಮಾಲು ಹೋಯಿತು, ಕೈಯಲ್ಲಿದ್ದ ದುಡ್ಡು ದಂಡಕ್ಕೆ ಹೋಯಿತು. ಹೊರಗೆ ಕಾದು ನಿಂತಿದ್ದ ಉಮ್ಮನ ಮುಂದೆ ಅವನು ತಲೆ ತಗ್ಗಿಸಿಕೊಂಡು ಬಂದ. ತರಿಸಿದವರು ಮಾತ್ರ, "ಛೆ, ಹೀಗಾಗಬಾರದಿತ್ತು" ಅಂದರು, ಅಷ್ಟೆ.

ದಾಕ್ಷಿಣ್ಯಕ್ಕೆ ಸಿಕ್ಕಿ ಇಲ್ಲ ಅನ್ನಲಾರದವರು ನಮ್ಮ ಮಕ್ಕಳು. ಕೇಳುವವರು ಹಿರಿಯರಾದ ನಾವೇ. ಹಾಗಾಗಿ ನಿಲ್ಲಿಸಬೇಕಾದವರೂ ನಾವೇ. ಮುಂದಿನ ಸಲ ಫೋನಿನಲ್ಲಿ ಅವನಿಗೆ ಇಷ್ಟು ಹೇಳಿದರೆ ಸಾಕು: "ಏನೂ ತರಬೇಡ ಮಗ, ನೀನು ಸುಖವಾಗಿ ಬಾ."